ಹೊಟ್ಟೆ ಎಬ್ಬಿಸುವ ರಾತ್ರಿಗಳು

ಬೇಲೂರಿನ ದೇವಾಲಯ ನೋಡಿದ ಪ್ರವಾಸಿಗರಲ್ಲಿ ಹೆಚ್ಚಿನವರು ಅಲ್ಲಿಂದ ಹಳೇಬೀಡಿನ ಬಸ್ಸು ಹತ್ತುತ್ತಾರೆ. ಹಳೇಬೀಡಿಗೆ ಬೆನ್ನು ಹಾಕಿ ಮಲೆನಾಡಿನ ಕಡೆ ಹೊರಟರೆ ಬಿಕ್ಕೋಡು ಸಿಗುತ್ತದೆ. ಸುತ್ತ ಕಾಫಿ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಗದ್ದೆ. ಪತ್ರಿಕೆ ಓದುವವರಿಗೆ ಈ ಹೋಬಳಿಯ ಹೆಸರು ಇನ್ನೊಂದು ಕಾರಣಕ್ಕೂ ಪರಿಚಿತ. ಇಲ್ಲಿನ ತೋಟಗಳಲ್ಲಿ ಕಾಡಾನೆಗಳು ಓಡಾಡುತ್ತವೆ. ಕತ್ತಲಾದ ಮೇಲೆ ಮನೆಯಿಂದ ಹೊರಗೆ ಕಾಲಿಡಬೇಕಾದರೆ ಜನ ಎರಡು ಸಲ ಯೋಚಿಸುತ್ತಾರೆ.

ನಮ್ಮ ಆರೋಗ್ಯ ಸಂವಾದ ಕಾರ್ಯಕ್ರಮಕ್ಕೆ ಆ ಕಡೆಯಿಂದ ಒಂದು ಪತ್ರ ಬಂದಿತ್ತು. ಬರೆದವರು ಪಿಯುಸಿ ಓದುತ್ತಿದ್ದ ವಿದ್ಯಾರ್ಥಿ. ಹೆಸರು ಹೇಳಬಾರದೆಂದು ಕೋರಿದ್ದರು. ಪತ್ರದ ಸಾರ ಇಷ್ಟು: "ಐದು ತಿಂಗಳಿಂದ ರಾತ್ರಿ ಎರಡು ಮೂರು ಸಲ ಹೊಟ್ಟೆ ನುಲಿದು ಎಚ್ಚರವಾಗುತ್ತದೆ. ಕಕ್ಕಸು ಹಿತ್ತಿಲಿನಾಚೆ ಇದೆ. ಆನೆ ಭಯ. ಪ್ರತಿ ಸಲವೂ ಅಪ್ಪ ಎದ್ದು ಟಾರ್ಚ್ ಹಿಡಿದು ನಿಲ್ಲಬೇಕು. ಅವರು ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗುವವರು. ಅವರನ್ನು ಎಬ್ಬಿಸಲು ನಾಚಿಕೆಯಾಗಿ ಎಷ್ಟೋ ಸಲ ಹೊಟ್ಟೆ ಹಿಡಿದುಕೊಂಡು ಬೆಳಗಿನ ತನಕ ಕೂತಿದ್ದೇನೆ. ಕ್ಲಾಸಿನಲ್ಲಿ ತೂಕಡಿಸುತ್ತೇನೆ. ಮನೆಯಲ್ಲಿ ಉಷ್ಣ ಅನ್ನುತ್ತಾರೆ, ಕಾಲೇಜಿನಲ್ಲಿ ಪರೀಕ್ಷೆಯ ಹೆದರಿಕೆ ಅನ್ನುತ್ತಾರೆ. ನಿದ್ರೆ ಕೆಟ್ಟು ಹೊಟ್ಟೆ ಕೆಟ್ಟಿತೋ, ಹೊಟ್ಟೆ ಕೆಟ್ಟು ನಿದ್ರೆ ಕೆಟ್ಟಿತೋ, ದಯವಿಟ್ಟು ತಿಳಿಸಿ." ಕೊನೆಗೆ ಒಂದು ಸಾಲು ಸೇರಿಸಿದ್ದರು: "ಕೆಲವು ಸಲ ರಕ್ತವೂ ಬೀಳುತ್ತದೆ. ಇದನ್ನು ಮನೆಯಲ್ಲಿ ಹೇಳಿಲ್ಲ."

ನಾನು ಓದಿದ್ದು ವಿಜ್ಞಾನ, ನಾನು ವೈದ್ಯನಲ್ಲ. ಚರ್ಚೆಗೆ ಸ್ಟುಡಿಯೋಗೆ ಬಂದಿದ್ದ ಕರುಳುರೋಗ ತಜ್ಞರ ಕೈಗೆ ಆ ಪತ್ರ ಕೊಟ್ಟೆ. ಅವರು ಕೊನೆಯ ಸಾಲನ್ನು ಎರಡು ಸಲ ಓದಿ, "ಇದಕ್ಕೆ ಟಿವಿಯಲ್ಲಿ ಉತ್ತರ ಹೇಳುವವರೆಗೂ ಕಾಯುವುದು ಬೇಡ. ಬೇಗ ತೋರಿಸಿಕೊಳ್ಳಲು ಇವತ್ತೇ ಬರೆದು ಕಳಿಸಿ" ಎಂದರು. ಹಾಗೆಯೇ ಮಾಡಿದೆವು. ಆ ಪ್ರಶ್ನೆಗೆ ಪೂರ್ಣ ಉತ್ತರ ನಿಮಗೂ ತಿಳಿದಿರಲಿ ಎಂಬುದು ಈ ಲೇಖನದ ಉದ್ದೇಶ. ಏಕೆಂದರೆ ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿನೈದರಿಂದ ಮೂವತ್ತೈದರ ವಯಸ್ಸಿನಲ್ಲಿ. ಅಂದರೆ ನಿಮ್ಮ ವಯಸ್ಸಿನಲ್ಲಿ.

ಯಾವುದು ಈ ಕಾಯಿಲೆ?

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಊದಿಕೊಂಡು, ಬಿಸಿಯಾಗಿ, ನೋಯುವುದನ್ನು ನೀವು ನೋಡಿದ್ದೀರಿ. ಇದೇ ಉರಿಯೂತ. ರೋಗಾಣುಗಳನ್ನು ತಡೆಯಲು ರಕ್ತದ ಬಿಳಿಕಣಗಳು ಅಲ್ಲಿಗೆ ಧಾವಿಸಿರುತ್ತವೆ. ಕೆಲಸ ಮುಗಿದ ಮೇಲೆ ಉರಿಯೂತ ಇಳಿಯುತ್ತದೆ, ಗಾಯ ಮಾಯುತ್ತದೆ.

ಕೆಲವರ ಕರುಳಿನಲ್ಲಿ ಹೀಗೆ ಹೊತ್ತಿಕೊಂಡ ಉರಿಯೂತ ಆರುವುದೇ ಇಲ್ಲ. ನಮ್ಮ ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಗಳು ತೊಂದರೆ ಕೊಡದೆ ವಾಸಿಸುತ್ತವೆ. ದೇಹದ ರಕ್ಷಣಾ ವ್ಯವಸ್ಥೆ ಅವುಗಳನ್ನು ಶತ್ರುಗಳೆಂದು ಎಣಿಸಿ ಹೋರಾಡತೊಡಗಿದಾಗ ಕರುಳಿನ ಒಳಪದರಕ್ಕೇ ಗಾಯವಾಗುತ್ತದೆ. ಹುಟ್ಟಿನಿಂದ ಬಂದ ಗುಣಾಣುಗಳು, ಆಹಾರ, ಪರಿಸರ ಎಲ್ಲವೂ ಇದರಲ್ಲಿ ಪಾತ್ರ ವಹಿಸುತ್ತವೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹೆದರಿಕೆಯಿಂದ ಹುಟ್ಟುವ ಕಾಯಿಲೆಯೂ ಅಲ್ಲ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತ. ಗುದನಾಳದಿಂದ ಆರಂಭವಾಗಿ ಮೇಲಕ್ಕೆ ಹಬ್ಬುತ್ತದೆ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ವಿಲ್ಕ್ಸ್ 1859ರಲ್ಲಿ ಇಂಥ ಕರುಳನ್ನು ವರ್ಣಿಸಿದರು. ಎರಡನೆಯದು ಕ್ರೋನ್ಸ್ ಕಾಯಿಲೆ. ಇದು ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು. ಕರುಳಿನ ಗೋಡೆಯ ಎಲ್ಲ ಪದರಗಳಿಗೂ ಇಳಿಯಬಹುದು. ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಇಬ್ಬರು ಸಹೋದ್ಯೋಗಿಗಳು 1932ರಲ್ಲಿ ಇದನ್ನು ವಿವರಿಸಿದರು.

ಇದು ಪಾಶ್ಚಾತ್ಯರ ಕಾಯಿಲೆ, ನಮಗೆ ಬರುವುದಿಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯೊಂದು 2003ರಲ್ಲಿ ಪ್ರಕಟವಾಯಿತು. ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇರುವುದನ್ನು ಅದು ತೋರಿಸಿತು. ನಮ್ಮಲ್ಲಿ ಇನ್ನೊಂದು ತೊಡಕಿದೆ. ಕರುಳಿನ ಕ್ಷಯ ನೋಡಲು ಕ್ರೋನ್ಸ್ ಕಾಯಿಲೆಯ ಹಾಗೆಯೇ ಇರುತ್ತದೆ. ಆಮಶಂಕೆಯಲ್ಲೂ ರಕ್ತ ಬೀಳುತ್ತದೆ, ಮೂಲವ್ಯಾಧಿಯಲ್ಲೂ ಬೀಳುತ್ತದೆ. ಹೀಗಾಗಿ ಎಷ್ಟೋ ಮಂದಿ ಉಷ್ಣಕ್ಕೆಂದು ಎಳನೀರು ಕುಡಿಯುತ್ತಾ, ಮೂಲವ್ಯಾಧಿಗೆಂದು ಗುಳಿಗೆ ನುಂಗುತ್ತಾ ವರ್ಷಗಳನ್ನು ಕಳೆದಿರುತ್ತಾರೆ.

ರಾತ್ರಿ ಏಳುವುದೇ ಒಂದು ಸುಳಿವು

ದೊಡ್ಡ ಕರುಳಿಗೂ ಹಗಲು ರಾತ್ರಿ ಇದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ನಾವು ನಿದ್ರೆ ಹೋದಾಗ ಅದರ ಚಲನೆ ಬಹಳ ಕಡಿಮೆಯಾಗುತ್ತದೆ. ಎಚ್ಚರವಾದೊಡನೆ ಮತ್ತೆ ಚುರುಕಾಗುತ್ತದೆ. ಬೆಳಿಗ್ಗೆ ಎದ್ದು ಒಂದು ಲೋಟ ಕಾಫಿ ಕುಡಿದ ಮೇಲೆ ಕಕ್ಕಸಿಗೆ ಹೋಗುವ ಅಭ್ಯಾಸ ಎಷ್ಟೋ ಮನೆಗಳಲ್ಲಿ ಇರುವುದಕ್ಕೆ ಕಾರಣ ಇದೇ.

ಆದ್ದರಿಂದಲೇ ಪರೀಕ್ಷೆಯ ಆತಂಕಕ್ಕೆ ಹೊಟ್ಟೆ ಕೆಡುವವರು, ಅಂದರೆ ಕರುಳಿನಲ್ಲಿ ಗಾಯವಿಲ್ಲದೆ ಅದರ ಚಲನೆ ಮಾತ್ರ ಏರುಪೇರಾಗುವವರು, ಹಗಲೆಲ್ಲ ಪರದಾಡಿದರೂ ಸಾಮಾನ್ಯವಾಗಿ ರಾತ್ರಿ ನಿದ್ರೆಯಲ್ಲಿರುವಾಗ ತೊಂದರೆಗೆ ಒಳಗಾಗುವುದಿಲ್ಲ. ಉರಿಯೂತ ಇರುವವರ ಪಾಡು ಬೇರೆ. ಗಾಯಗೊಂಡ ಪದರ ನೀರನ್ನು ಹೀರಿಕೊಳ್ಳದೆ, ತಾನೇ ಲೋಳೆ, ರಕ್ತ, ಕೀವು ಸ್ರವಿಸುತ್ತದೆ. ಊದಿದ ಗುದನಾಳ ಹಿಗ್ಗುವುದಿಲ್ಲ. ಸ್ವಲ್ಪ ತುಂಬಿದರೂ ಹೊರಹಾಕುವ ಅವಸರ ಹುಟ್ಟುತ್ತದೆ. ಈ ಅವಸರಕ್ಕೆ ಹಗಲು ರಾತ್ರಿಯ ಭೇದವಿಲ್ಲ. ಗಾಢ ನಿದ್ರೆಯಲ್ಲಿದ್ದವರನ್ನೂ ಅದು ಎಬ್ಬಿಸುತ್ತದೆ.

ಹಾಗಾಗಿ "ಎಷ್ಟು ಸಲ ಭೇದಿಯಾಗುತ್ತದೆ?" ಎನ್ನುವುದಕ್ಕಿಂತ "ನಿದ್ರೆಯಿಂದ ಎಬ್ಬಿಸುತ್ತದೆಯೇ?" ಎಂಬ ಪ್ರಶ್ನೆಗೆ ವೈದ್ಯರು ಹೆಚ್ಚು ಬೆಲೆ ಕೊಡುತ್ತಾರೆ. ಬಿಕ್ಕೋಡಿನ ಆ ವಿದ್ಯಾರ್ಥಿಯನ್ನು ಎಲ್ಲರೂ ಪರೀಕ್ಷೆಯ ಹೆದರಿಕೆ ಎಂದು ಸಮಾಧಾನ ಮಾಡುತ್ತಿದ್ದರಲ್ಲ, ಅದು ಸರಿಯಲ್ಲ ಎಂಬುದಕ್ಕೆ ಸಾಕ್ಷಿ ಆ ರಾತ್ರಿಗಳಲ್ಲೇ ಇತ್ತು.

ನಿದ್ರೆಗೂ ಒಂದು ಕಟ್ಟಡವಿದೆ

ನಿದ್ರೆ ಎಂದರೆ ದೀಪ ಆರಿಸಿದ ಹಾಗೆ ಮಿದುಳು ಸುಮ್ಮನಾಗುವುದಲ್ಲ. 1953ರಲ್ಲಿ ಷಿಕಾಗೋದ ಯೂಜಿನ್ ಅಸೆರಿನ್ಸ್ಕಿ ಮತ್ತು ನಥೇನಿಯಲ್ ಕ್ಲೀಟ್ಮನ್ ಮಲಗಿದವರ ಕಣ್ಣುಗುಡ್ಡೆಗಳು ಆಗಾಗ ವೇಗವಾಗಿ ಅತ್ತಿತ್ತ ಓಡುವುದನ್ನು ದಾಖಲಿಸಿದರು. ಕನಸುಗಳು ಹೆಚ್ಚಾಗಿ ಬೀಳುವುದು ಆ ಹಂತದಲ್ಲಿ. ಹಗುರ ನಿದ್ರೆ, ಗಾಢ ನಿದ್ರೆ, ಕನಸಿನ ನಿದ್ರೆ, ಇವು ಒಂದರ ಹಿಂದೆ ಒಂದು ಬಂದು ಸುಮಾರು 90 ನಿಮಿಷಗಳ ಒಂದು ಸುತ್ತು ಪೂರೈಸುತ್ತವೆ. ರಾತ್ರಿಯಲ್ಲಿ ಇಂಥ ನಾಲ್ಕೈದು ಸುತ್ತುಗಳು.

ಗಾಢ ನಿದ್ರೆ ರಾತ್ರಿಯ ಮೊದಲ ಭಾಗದಲ್ಲಿ ಹೆಚ್ಚು. ಬೆಳವಣಿಗೆಯ ಹಾರ್ಮೋನು ಹೇರಳವಾಗಿ ಬಿಡುಗಡೆಯಾಗುವುದು ಆಗ. ಕನಸಿನ ನಿದ್ರೆ ಬೆಳಗಿನ ಜಾವಕ್ಕೆ ಹೆಚ್ಚು. ಹಗಲು ಓದಿದ್ದು ನೆನಪಿನಲ್ಲಿ ನೆಲೆಯೂರಲು ಈ ಹಂತಗಳು ಬೇಕು. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ತಜ್ಞರು ಹೇಳುತ್ತಾರೆ.

ಈಗ ಲೆಕ್ಕ ಹಾಕಿ. ಒಬ್ಬರು ರಾತ್ರಿ 10ಕ್ಕೆ ಮಲಗಿ ಬೆಳಿಗ್ಗೆ 6ಕ್ಕೆ ಏಳುತ್ತಾರೆ. ಹಾಸಿಗೆಯಲ್ಲಿ ಕಳೆದದ್ದು 8 ಗಂಟೆ. ನಿದ್ರೆ ಹತ್ತಲು ಅರ್ಧ ಗಂಟೆ ಹಿಡಿಯಿತು. ಮೂರು ಸಲ ಎದ್ದರು. ಎದ್ದು, ಹೋಗಿ, ಬಂದು, ಮತ್ತೆ ನಿದ್ರೆ ಹತ್ತಲು ಪ್ರತಿ ಸಲ ಅರ್ಧ ಗಂಟೆ. ಒಟ್ಟು ಕಳೆದುಕೊಂಡದ್ದು 2 ಗಂಟೆ, ಉಳಿದದ್ದು 6 ಗಂಟೆ. 6ನ್ನು 8ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 75. ಇದಕ್ಕೆ ನಿದ್ರಾ ದಕ್ಷತೆ ಎಂದು ಹೆಸರು. ಸಾಮಾನ್ಯವಾಗಿ 85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ಉಳಿದ ಆ 6 ಗಂಟೆಯೂ ಇಡಿಯಾಗಿ ಸಿಕ್ಕಿದ್ದಲ್ಲ, ನಾಲ್ಕು ತುಂಡುಗಳಲ್ಲಿ ಸಿಕ್ಕಿದ್ದು. ಅಡಿಪಾಯ ಹಾಕುವಾಗಲೆಲ್ಲ ಕೆಲಸ ನಿಲ್ಲಿಸಿದರೆ ಮನೆ ಏಳುವುದುಂಟೆ?

ನಿದ್ರೆ ಕದಿಯುವವರು ಯಾರು ಯಾರು?

ಕರುಳಿನ ಉರಿಯೂತ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ತಮ್ಮ ನಿದ್ರೆ ಚೆನ್ನಾಗಿಲ್ಲ ಎನ್ನುತ್ತಾರೆ. ಕಾಯಿಲೆ ಕೆರಳಿರುವಾಗ ಈ ಪ್ರಮಾಣ ಇನ್ನೂ ಹೆಚ್ಚು. ಕಾರಣಗಳು ಒಂದೆರಡಲ್ಲ.

ಮೊದಲನೆಯದು ಆಗಲೇ ಹೇಳಿದ ಅವಸರ ಮತ್ತು ಹೊಟ್ಟೆನೋವು. ಕೆಲವರಿಗೆ ಇದರ ಜೊತೆಗೆ ಕೀಲುನೋವೂ ಇರುತ್ತದೆ.

ಎರಡನೆಯದು ರಕ್ತಹೀನತೆ. ದಿನವೂ ಸ್ವಲ್ಪ ಸ್ವಲ್ಪ ರಕ್ತ ಹೋಗಿ ದೇಹದ ಕಬ್ಬಿಣಾಂಶ ಬರಿದಾಗುತ್ತದೆ. ಕಬ್ಬಿಣ ಕಡಿಮೆಯಾದವರಲ್ಲಿ ಕೆಲವರಿಗೆ ರಾತ್ರಿ ಮಲಗಿದೊಡನೆ ಕಾಲುಗಳಲ್ಲಿ ಏನೋ ಹರಿದಂತಾಗಿ, ಕಾಲು ಆಡಿಸದೆ ಇರಲಾಗುವುದಿಲ್ಲ.

ಮೂರನೆಯದು ಔಷಧ. ಉರಿಯೂತ ತಗ್ಗಿಸಲು ಕೊಡುವ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಮಾತ್ರೆ ನಿದ್ರೆ ಓಡಿಸುವುದುಂಟು. ಆದ್ದರಿಂದಲೇ ಅದನ್ನು ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿಯ ನಂತರ ತೆಗೆದುಕೊಳ್ಳಲು ಹೇಳುತ್ತಾರೆ. ನಿದ್ರೆ ಬರುತ್ತಿಲ್ಲವೆಂದು ರೋಗಿಯೇ ಅದನ್ನು ಥಟ್ಟನೆ ನಿಲ್ಲಿಸಿಬಿಟ್ಟರೆ ಅಪಾಯ.

ನಾಲ್ಕನೆಯದು ಕಣ್ಣಿಗೆ ಕಾಣದ್ದು. ಉರಿಯೂತದ ಜಾಗದಿಂದ ಬಿಳಿಕಣಗಳು ಪರಸ್ಪರ ಸುದ್ದಿ ಕಳಿಸಲು ಸೈಟೊಕೈನ್ ಎಂಬ ರಾಸಾಯನಿಕ ದೂತರನ್ನು ಬಳಸುತ್ತವೆ. ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್, ಇಂಟರ್‌ಲ್ಯೂಕಿನ್ ಮುಂತಾದವು ಈ ಗುಂಪಿಗೆ ಸೇರಿದವು. ಇವುಗಳ ಸುದ್ದಿ ಮಿದುಳಿಗೂ ತಲುಪುತ್ತದೆ. ಜ್ವರ ಬಂದಾಗ ಎಷ್ಟು ಮಲಗಿದರೂ ಸುಸ್ತು, ಆದರೂ ನೆಮ್ಮದಿಯ ನಿದ್ರೆ ಇಲ್ಲ, ಅಲ್ಲವೇ? ಅದರಲ್ಲಿ ಈ ದೂತರ ಕೈವಾಡವಿದೆ. ಕರುಳಿನ ಉರಿಯೂತ ಇರುವವರಿಗೆ ಆ ಸ್ಥಿತಿ ತಿಂಗಳುಗಟ್ಟಲೆ. ಈ ದೂತನನ್ನೇ ಹಿಡಿದು ಕಟ್ಟಿಹಾಕುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧಕ್ಕೆ 1998ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್ ಕಾಯಿಲೆಗಾಗಿ ಅನುಮತಿ ದೊರೆಯಿತು. ಇಂಥ ಜೈವಿಕ ಔಷಧಗಳನ್ನು ಆರಂಭಿಸಿದ ಕೆಲವು ವಾರಗಳಲ್ಲೇ ರೋಗಿಗಳ ನಿದ್ರೆ ಸುಧಾರಿಸಿದ್ದನ್ನು ಅಧ್ಯಯನಗಳು ದಾಖಲಿಸಿವೆ.

ಐದನೆಯದು ಚಿಂತೆ. ನಾಳೆ ಬಸ್ಸಿನಲ್ಲಿ ಅವಸರವಾದರೆ? ಪರೀಕ್ಷೆಯ ನಡುವೆ ಎದ್ದು ಹೋಗಲು ಬಿಡದಿದ್ದರೆ? ಬಿಕ್ಕೋಡಿನಂಥ ಊರಿನಲ್ಲಿ ಇನ್ನೊಂದು: ಹೊರಗೆ ಹೋದಾಗ ಆನೆ ಎದುರಾದರೆ? ಹೀಗೆ ಕಿವಿಗೊಟ್ಟು ಮಲಗಿದವರಿಗೆ ಹೊಟ್ಟೆ ಸುಮ್ಮನಿದ್ದ ರಾತ್ರಿಯೂ ನಿದ್ರೆ ಹತ್ತದು.

ಚಕ್ರ ಎರಡೂ ಕಡೆ ತಿರುಗುತ್ತದೆ

ಹೊಟ್ಟೆ ಕೆಟ್ಟು ನಿದ್ರೆ ಕೆಡುತ್ತದೆ ಎಂಬುದು ಸರಿ. ನಿದ್ರೆ ಕೆಟ್ಟರೆ ಹೊಟ್ಟೆ ಕೆಡುತ್ತದೆಯೇ?

ನಮ್ಮ ದೇಹದ ಜೀವಕೋಶಗಳಲ್ಲಿ ಸುಮಾರು 24 ಗಂಟೆಗೆ ಒಂದು ಸುತ್ತು ಬರುವ ಗಡಿಯಾರಗಳಿವೆ. ಇವು ಹೇಗೆ ನಡೆಯುತ್ತವೆಂದು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೇಲ್ ರೋಸ್‌ಬಾಶ್ ಮತ್ತು ಮೈಕೇಲ್ ಯಂಗ್ ಅವರಿಗೆ 2017ರ ನೊಬೆಲ್ ಪ್ರಶಸ್ತಿ ಬಂತು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇದೇ ನೊಣಗಳ ಗಡಿಯಾರದ ಬಗ್ಗೆ ಸಂಶೋಧನೆ ನಡೆದಿದೆ. ಕರುಳಿನ ಕೋಶಗಳಲ್ಲೂ ಇಂಥ ಗಡಿಯಾರವಿದೆ. ಒಳಪದರ ಯಾವಾಗ ಹೊಸದಾಗಬೇಕು, ರಕ್ಷಣಾ ಕೋಶಗಳು ಯಾವಾಗ ಚುರುಕಾಗಬೇಕು ಎಂಬುದರಲ್ಲಿ ಅದರ ಪಾತ್ರವಿದೆ. ಹೊತ್ತಲ್ಲದ ಹೊತ್ತಿನಲ್ಲಿ ಎಚ್ಚರ, ಊಟ, ಬೆಳಕು ಇದ್ದರೆ ಆ ಗಡಿಯಾರ ತಪ್ಪುತ್ತದೆ.

2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳ ಕರುಳಿನಲ್ಲಿ ಉರಿಯೂತ ಉಂಟುಮಾಡಿ, ಕೆಲವಕ್ಕೆ ನಿದ್ರೆಗೆಡಿಸಿದರು. ನಿದ್ರೆಗೆಟ್ಟ ಇಲಿಗಳಲ್ಲಿ ಉರಿಯೂತ ಹೆಚ್ಚಾಯಿತು, ಚೇತರಿಕೆ ತಡವಾಯಿತು. ಮನುಷ್ಯರ ಮಾತೇನು? ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕ್ರೋನ್ಸ್ ಕಾಯಿಲೆ ತಣ್ಣಗಿದ್ದವರಲ್ಲಿ, ನಿದ್ರೆ ಸರಿಯಿಲ್ಲದವರಿಗೆ ಆರು ತಿಂಗಳೊಳಗೆ ಕಾಯಿಲೆ ಮರುಕಳಿಸುವ ಸಂಭವ ಸುಮಾರು ಎರಡು ಪಟ್ಟು ಇತ್ತು. ಅಲ್ಸರೇಟಿವ್ ಕೊಲೈಟಿಸ್ ಇದ್ದವರಲ್ಲಿ ಅದೇ ಅಧ್ಯಯನಕ್ಕೆ ಈ ಸಂಬಂಧ ಕಾಣಲಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲೊಂದು ಪ್ರಶ್ನೆ ಕೇಳಬೇಕು. ನಿದ್ರೆ ಕೆಟ್ಟದ್ದೇ ಕಾಯಿಲೆ ಮರುಕಳಿಸಲು ಕಾರಣವೇ? ಅಥವಾ ಕಾಯಿಲೆ ಒಳಗೇ ಸದ್ದಿಲ್ಲದೆ ತಲೆಯೆತ್ತುತ್ತಿದ್ದು, ಮೊದಲು ನಿದ್ರೆ ಕೆಡಿಸಿತೇ? ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಇಲ್ಲಿ ಎರಡೂ ದಿಕ್ಕಿನ ಪ್ರಭಾವ ಇರಬಹುದೆಂಬುದು ತಜ್ಞರ ಅಭಿಪ್ರಾಯ. ಯಾವ ದಿಕ್ಕಾದರೂ ರೋಗಿಗೆ ಉಪಯೋಗ ಒಂದೇ: ಹೊಟ್ಟೆ ಸುಮ್ಮನಿದ್ದಾಗಲೂ ನಿದ್ರೆ ಕೆಡುತ್ತಿದ್ದರೆ ವೈದ್ಯರಿಗೆ ಹೇಳಬೇಕು.

ಅಳೆಯುವುದು ಹೇಗೆ?

ನಿದ್ರೆಯನ್ನು ಅಳೆಯಲು ಎರಡು ದಾರಿ. ಒಂದು, ಯಂತ್ರ. ತಲೆ, ಕಣ್ಣು, ಗದ್ದ, ಕಾಲುಗಳಿಗೆ ತಂತಿ ಜೋಡಿಸಿ ಇಡೀ ರಾತ್ರಿ ದಾಖಲಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನುಷ್ಯರ ನಿದ್ರೆಯನ್ನು ಹೀಗೆ ಅಭ್ಯಸಿಸುವ ಪ್ರಯೋಗಾಲಯವಿದೆ. ಎರಡು, ಪ್ರಶ್ನೆಗಳು. 1989ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ರೂಪಿಸಿದ ಪ್ರಶ್ನಾವಳಿಯಲ್ಲಿ 19 ಪ್ರಶ್ನೆಗಳಿವೆ. ಕಳೆದ ತಿಂಗಳ ನಿದ್ರೆಗೆ 0ಯಿಂದ 21ರವರೆಗೆ ಅಂಕ ಸಿಗುತ್ತದೆ. 5ಕ್ಕಿಂತ ಹೆಚ್ಚು ಬಂದರೆ ನಿದ್ರೆ ಚೆನ್ನಾಗಿಲ್ಲವೆಂದು ಅರ್ಥ. ನಿಮ್ಮ ಶಾಲೆಯ ಅಂಕಗಳ ಹಾಗಲ್ಲ, ಇಲ್ಲಿ ಕಡಿಮೆ ಬಂದವರೇ ಜಾಣರು!

ಕರುಳಿನ ಕಾಯಿಲೆಯವರಲ್ಲಿ ಈ ಎರಡು ಅಳತೆಗಳು ಯಾವಾಗಲೂ ಹೊಂದುವುದಿಲ್ಲ. ರೋಗಿ ಕೆಟ್ಟ ನಿದ್ರೆ ಎಂದಷ್ಟು ವ್ಯತ್ಯಾಸ ಯಂತ್ರದಲ್ಲಿ ಕಾಣದೇ ಇರಬಹುದು. ಹಾಗೆಂದು ರೋಗಿ ಸುಳ್ಳು ಹೇಳಿದರೆನ್ನಬೇಡಿ. ಮರುದಿನದ ಸುಸ್ತನ್ನು ಅನುಭವಿಸುವುದು ಅವರೇ.

ಯಂತ್ರ ಬೇಡ, ಒಂದು ನೋಟ್‌ಬುಕ್ಕು ಸಾಕು. ಎರಡು ವಾರ ಬರೆದಿಡಿ: ಎಷ್ಟಕ್ಕೆ ಮಲಗಿದಿರಿ, ಸುಮಾರು ಎಷ್ಟಕ್ಕೆ ನಿದ್ರೆ ಬಂತು, ಎಷ್ಟು ಸಲ ಎಚ್ಚರವಾಯಿತು, ಏಕೆ, ಎಷ್ಟಕ್ಕೆ ಎದ್ದಿರಿ, ಹಗಲು ತೂಕಡಿಕೆ ಇತ್ತೇ. ಬಾಯಲ್ಲಿ ಹೇಳಲು ನಾಚಿಕೆಯಾದರೆ ಆ ಹಾಳೆಯನ್ನೇ ವೈದ್ಯರ ಮುಂದಿಡಿ. ಐದು ನಿಮಿಷದಲ್ಲಿ ಅವರಿಗೆ ಎಲ್ಲವೂ ತಿಳಿಯುತ್ತದೆ.

ಏನು ಮಾಡಬೇಕು?

ಮಲದಲ್ಲಿ ರಕ್ತ, ನಿದ್ರೆಯಿಂದ ಎಬ್ಬಿಸುವ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು, ಆಗಾಗ ಜ್ವರ, ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲದಿರುವುದು, ಇವುಗಳಲ್ಲಿ ಯಾವುದೇ ಒಂದಿದ್ದರೂ ತಡಮಾಡಬಾರದು. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆ, ಅಲ್ಲಿಂದ ಅಗತ್ಯವಿದ್ದರೆ ಜಿಲ್ಲಾ ಆಸ್ಪತ್ರೆ. ರಕ್ತ ಪರೀಕ್ಷೆ, ಮಲ ಪರೀಕ್ಷೆ ಮಾಡುತ್ತಾರೆ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನು ಹೆಚ್ಚಿದ್ದರೆ ಕರುಳಿನಲ್ಲಿ ಉರಿಯೂತವಿದೆ ಎಂಬ ಸುಳಿವು. ಖಚಿತಪಡಿಸಲು ಕೊಲೊನೋಸ್ಕೋಪಿ, ಅಂದರೆ ಬಾಗುವ ಕೊಳವೆಯ ತುದಿಯ ಕ್ಯಾಮೆರಾದಿಂದ ಕರುಳನ್ನು ಒಳಗಿನಿಂದ ನೋಡುವುದು. ಕ್ಷಯ ಅಲ್ಲವೆಂದೂ ನೋಡಿಕೊಳ್ಳಬೇಕು. ಏಕೆಂದರೆ ಒಂದರ ಔಷಧ ಇನ್ನೊಂದಕ್ಕೆ ಮಾರಕವಾಗಬಹುದು.

ಈ ಕಾಯಿಲೆಯನ್ನು ಔಷಧಗಳಿಂದ ಬುಡಸಮೇತ ಕೀಳಲು ಸಾಧ್ಯವಿಲ್ಲ. ಆದರೆ ವರ್ಷಗಟ್ಟಲೆ ತಣ್ಣಗಿಡಲು ಸಾಧ್ಯವಿದೆ. ಓದು, ಕೆಲಸ, ಮದುವೆ, ಮಕ್ಕಳು ಯಾವುದಕ್ಕೂ ಅಡ್ಡಿಯಾಗಬೇಕಿಲ್ಲ. ನಿದ್ರೆಗೆ ಮೊದಲ ಮದ್ದು ಕಾಯಿಲೆಗೆ ಸರಿಯಾದ ಚಿಕಿತ್ಸೆಯೇ. ಅದರ ಜೊತೆಗೆ ಕೆಲವು ಅಭ್ಯಾಸಗಳು. ರಾತ್ರಿ ಊಟ ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲು ಮುಗಿಯಲಿ. ಕಾಫಿ ಬೆಳೆಯುವ ಸೀಮೆಯವರಿಗೆ ಹೇಳಲು ಸಂಕೋಚ, ಆದರೂ ಹೇಳಬೇಕು: ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿ ಇರುತ್ತದೆ. ದಿನವೂ ಒಂದೇ ಹೊತ್ತಿಗೆ ಏಳಿ, ಬೆಳಗಿನ ಬಿಸಿಲಿಗೆ ಮೈಯೊಡ್ಡಿ. ಮೊಬೈಲನ್ನು ಹಾಸಿಗೆಗೆ ತರಬೇಡಿ. ನೋವಿನ ಮಾತ್ರೆ, ನಿದ್ರೆ ಮಾತ್ರೆಗಳನ್ನು ನೀವೇ ಅಂಗಡಿಯಿಂದ ತಂದು ನುಂಗಬೇಡಿ. ಕೆಲವು ನೋವಿನ ಮಾತ್ರೆಗಳು ಕರುಳಿನ ಗಾಯವನ್ನು ಕೆರಳಿಸುತ್ತವೆ.

ಈ ಕಾಯಿಲೆ ಇಲ್ಲದವರಿಗೂ ಒಂದು ಕೆಲಸವಿದೆ. ತರಗತಿಯಲ್ಲಿ ಪದೇ ಪದೇ ಹೊರಗೆ ಹೋಗುವ, ಬೆಂಚಿನ ಮೇಲೆ ತೂಕಡಿಸುವ ಗೆಳೆಯನನ್ನೋ ಗೆಳತಿಯನ್ನೋ ನೋಡಿ ನಗುವ ಮೊದಲು ಒಂದು ಕ್ಷಣ ಯೋಚಿಸಿ. ಮೇ 19 ವಿಶ್ವ ಕರುಳಿನ ಉರಿಯೂತ ದಿನ. ಆ ದಿನ ಭಾಷಣಕ್ಕಿಂತ, ಶಾಲೆಯ ಶೌಚಾಲಯಕ್ಕೆ ಚಿಲಕ ಮತ್ತು ನೀರು ಇದೆಯೇ ಎಂದು ನೋಡುವುದು ಹೆಚ್ಚು ಉಪಕಾರ.

ಬಿಕ್ಕೋಡಿನಿಂದ ಎರಡನೆಯ ಪತ್ರ ಬಂದದ್ದು ಎಂಟು ತಿಂಗಳ ನಂತರ. ಅಲ್ಸರೇಟಿವ್ ಕೊಲೈಟಿಸ್ ಎಂದು ಗೊತ್ತಾಗಿತ್ತು, ಚಿಕಿತ್ಸೆ ನಡೆಯುತ್ತಿತ್ತು. ರಕ್ತ ಬೀಳುವುದು ನಿಂತಿತ್ತು. ಮೊದಲ ವರ್ಷದ ಪರೀಕ್ಷೆಯಲ್ಲಿ ಒಂದು ವಿಷಯ ಹೋಗಿತ್ತು, ಮತ್ತೆ ಕಟ್ಟಿದ್ದರಂತೆ. ಅಪ್ಪ ಮನೆಗೆ ಹೊಂದಿಕೊಂಡಂತೆ ಒಳಗೇ ಕಕ್ಕಸು ಕಟ್ಟಿಸಿದ್ದರು. ಕೊನೆಯ ಸಾಲು ಹೀಗಿತ್ತು: "ಈಗ ನಾನು ಏಳದ ರಾತ್ರಿಗಳೇ ಹೆಚ್ಚು. ಆದರೆ ಅಪ್ಪನಿಗೆ ಅಭ್ಯಾಸವಾಗಿಬಿಟ್ಟಿದೆ, ಎರಡು ಗಂಟೆಗೆ ಎದ್ದು ಕೂರುತ್ತಾರೆ. ಅವರ ನಿದ್ರೆಗೆ ಏನು ಮಾಡಬೇಕು?"

ಮಗುವಿನ ಕಾಯಿಲೆಯಲ್ಲಿ ಮನೆಮಂದಿಯ ನಿದ್ರೆಯೂ ಹೋಗುತ್ತದೆ ಎಂಬುದನ್ನು ನಮ್ಮ ಚರ್ಚೆಯಲ್ಲಿ ಯಾರೂ ಎತ್ತಿರಲಿಲ್ಲ. ಆ ಪ್ರಶ್ನೆಯನ್ನು ಮುಂದಿನ ಕಂತಿಗೆ ಎತ್ತಿಟ್ಟಿದ್ದೇವೆ. ನಿಮ್ಮ ಪ್ರಶ್ನೆಗಳಿದ್ದರೆ ಬರೆಯಿರಿ. ಹೆಸರು ಹಾಕದಿದ್ದರೂ ಚಿಂತೆಯಿಲ್ಲ. ಆದರೆ ಮನೆಯಲ್ಲಿ ಹೇಳದೆ ಇಟ್ಟುಕೊಂಡ ಸಾಲು ಯಾವುದಾದರೂ ಇದ್ದರೆ, ನಮಗೆ ಬರೆಯುವ ಮೊದಲು ಅದನ್ನು ಅಪ್ಪನಿಗೋ ಅಮ್ಮನಿಗೋ ಹೇಳಿ.